ಬೇರೆ ಲೋಕದಲ್ಲೊಂದು ಹಳ್ಳಿ ಕಟ್ಟುವುದು ಹೇಗೆ? ಸೈನ್ಸ್ ಫ್ಯಾಂಟಸಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಬರೆದ ಮೊದಲ ಸೈನ್ಸ್ ಫ್ಯಾಂಟಸಿ ಕಥೆಯಲ್ಲಿ ಒಂದು ಹಳ್ಳಿಯಿತ್ತು. ಜನರ ಮೈ ನೀಲಿ. ಆಕಾಶದಲ್ಲಿ ಮೂರು ಚಂದ್ರ. ಕಥೆ ಶುರುವಾಗುತ್ತಿದ್ದದ್ದೇ ದೊಡ್ಡ ಹಬ್ಬದಿಂದ. ಪಂಜು, ಕುಣಿತ, ಮುಖವಾಡ, ಮೂಲೆಯಲ್ಲಿ ಕೂತು ಕಣಿ ಹೇಳುವ ಒಬ್ಬ ಮುದುಕ. ಓದಿದ ಗೆಳೆಯ ಒಂದೇ ಪ್ರಶ್ನೆ ಕೇಳಿದ: "ಇವರೆಲ್ಲ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾರೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಏನು ಉಣ್ಣುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಹಬ್ಬದ ಮರುದಿನ ಬೀದಿ ಗುಡಿಸುವವರು ಯಾರು, ಯಾವುದೂ ಗೊತ್ತಿರಲಿಲ್ಲ. ನಾನು ಹಳ್ಳಿ ಕಟ್ಟಿರಲಿಲ್ಲ. ನಾಟಕದ ಪರದೆ ಬರೆದಿದ್ದೆ, ಅಷ್ಟೇ.

ಸೈನ್ಸ್ ಫ್ಯಾಂಟಸಿಯಲ್ಲಿ ಆಕಾಶನೌಕೆಯೂ ಮಂತ್ರವೂ ಒಂದೇ ಸೂರಿನಡಿ ಇರುತ್ತವೆ. ಅದರಲ್ಲಿ ಹಳ್ಳಿ ಬಂತೆಂದರೆ ಬರೆಯುವವರು ಎರಡು ತಪ್ಪು ಮಾಡುತ್ತಾರೆ. ಒಂದು, ನಮ್ಮೂರನ್ನೇ ಎತ್ತಿಕೊಂಡು ಹೋಗಿ ನೀಲಿ ಬಣ್ಣ ಬಳಿಯುವುದು. ಇನ್ನೊಂದು, ಹಳ್ಳಿಯವರು ಅಂದರೆ ಮುಗ್ಧರು, ಒಂದೇ ಮನಸ್ಸಿನವರು ಅಂತ ತಿಳಿದುಕೊಳ್ಳುವುದು. ಹಳ್ಳಿ ನೋಡಿದವರಿಗೆ ಎರಡನೆಯದು ಕೇಳಿದರೆ ನಗು ಬರುತ್ತದೆ, ಅಲ್ವಾ?

ಆಮೇಲೆ ನಾನು ಹಿಡಿದ ದಾರಿ ಬೇರೆ. ದಿನದ ಕೆಲಸದಿಂದ ಪದ್ಧತಿ, ಪದ್ಧತಿಯಿಂದ ಮಾತು, ಎಲ್ಲಕ್ಕಿಂತ ಕೊನೆಗೆ ಹಬ್ಬ. ಇಲ್ಲಿ ಆ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಬರೀ ಸೂತ್ರ ಹೇಳಿದರೆ ತಲೆಗೆ ಹೋಗುವುದಿಲ್ಲ. ಹಾಗಾಗಿ ಒಂದು ಹಳ್ಳಿಯನ್ನು ಕಟ್ಟುತ್ತಲೇ ಹೇಳುತ್ತೇನೆ.

ಹೆಜ್ಜೆ 1: ಮೊದಲು ಆಕಾಶ ನೋಡಿ

ಹಳ್ಳಿಯ ಬದುಕು ಹೊತ್ತಿಗೆ ಕಟ್ಟುಬಿದ್ದದ್ದು. ನಮ್ಮಲ್ಲಿ ಗಡಿಯಾರ ಬರುವ ಮೊದಲು ಹಾಲು ಕರೆಯುವ ಹೊತ್ತು, ದನ ಮನೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು ಅಂತಲೇ ಲೆಕ್ಕ. ವರ್ಷದ ಲೆಕ್ಕಕ್ಕೆ ಮಳೆ ನಕ್ಷತ್ರಗಳಿದ್ದವು. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13 ಅಥವಾ 14 ದಿನ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಗಾದೆ ಒಂದು ಪಂಚಾಂಗದ ಪುಟ ಇದ್ದ ಹಾಗೆ. ಉತ್ತರ ಯುರೋಪಿನಲ್ಲಿ ಹಿಮಸಾರಂಗ ಸಾಕುವ ಸಾಮಿ ಜನ ವರ್ಷವನ್ನು ಎಂಟು ಋತುಗಳಾಗಿ ಹಂಚಿಕೊಂಡಿದ್ದಾರೆ. ಅವರ ಪ್ರಾಣಿಗಳು ಜಾಗ ಬದಲಿಸುವುದು, ಮೇಯುವುದು, ಮರಿ ಹಾಕುವುದು ಆ ಋತುಗಳ ಪ್ರಕಾರವೇ. ಅದಕ್ಕೆ ಎಂಟು.

ಹಾಗಾದರೆ ನಿಮ್ಮ ಹಳ್ಳಿಯ ತಲೆ ಮೇಲೆ ಏನಿದೆ? ಸುಮ್ನೆ ಮೂರು ಚಂದ್ರ ತೂಗುಹಾಕಬೇಡಿ. ನಿಜವಾದ ಒಂದು ಕಕ್ಷೆಯನ್ನು ಎರವಲು ತನ್ನಿ. ನಾನು ತಂದದ್ದು ಗುರುಗ್ರಹದ ದೊಡ್ಡ ಚಂದ್ರ ಗ್ಯಾನಿಮೀಡ್‌ನದು. 1610ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಕಂಡ ನಾಲ್ಕು ಚಂದ್ರಗಳಲ್ಲಿ ಅದೂ ಒಂದು. ಬುಧಗ್ರಹಕ್ಕಿಂತ ದಪ್ಪ. ನಿಜವಾದ ಗ್ಯಾನಿಮೀಡ್ ಹಿಮಗಡ್ಡೆ, ಅಲ್ಲಿ ರಾಗಿ ಬೆಳೆಯುವುದಿಲ್ಲ. ಆದರೆ ಅಂಥದೇ ಒಂದು ಚಂದ್ರ ಬೆಚ್ಚಗಿನ ಜಾಗದಲ್ಲಿದೆ ಅಂತ ಊಹಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಕಕ್ಷೆಯ ಲೆಕ್ಕ ಮಾತ್ರ ಹಾಗೇ ಇರಲಿ.

ಈಗ ಲೆಕ್ಕ ಏನು ಕೊಡುತ್ತದೆ ನೋಡಿ. ಗ್ಯಾನಿಮೀಡ್ ಗುರುವನ್ನು ಸುತ್ತಲು ಏಳು ದಿನಕ್ಕಿಂತ ಚೂರು ಜಾಸ್ತಿ ಬೇಕು, ಸುಮಾರು 172 ಗಂಟೆ. ನಮ್ಮ ಚಂದ್ರನ ಹಾಗೆ ಅದೂ ಒಂದೇ ಮುಖ ತೋರಿಸುತ್ತಾ ಸುತ್ತುತ್ತದೆ. ಅಂದರೆ ಅಲ್ಲಿನ ಒಂದು ದಿನವೂ 172 ಗಂಟೆ. ನಮ್ಮ ಮೂರೂವರೆ ದಿನದಷ್ಟು ಹಗಲು, ಅಷ್ಟೇ ಇರುಳು. ಸೂರ್ಯ ಮುಳುಗುವವರೆಗೆ ಕಾದರೆ ಯಾರೂ ನಿದ್ದೆ ಮಾಡುವ ಹಾಗಿಲ್ಲ. ಹಾಗಾಗಿ ನನ್ನ ಹಳ್ಳಿಯಲ್ಲಿ ಕಾಲದ ಅಳತೆ "ನಿದ್ದೆ". ಹಗಲಿಗೆ ಮೂರು ನಿದ್ದೆ, ಇರುಳಿಗೆ ನಾಲ್ಕು. ದಾರಿಯ ಅಳತೆಯೂ ಅದೇ: "ತವರು ಎಷ್ಟು ದೂರ?" "ಎರಡು ನಿದ್ದೆ."

ಇನ್ನು ಗ್ರಹ. ಒಂದೇ ಮುಖ ತೋರಿಸುವುದರಿಂದ ಅದು ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ, ನಮ್ಮ ಚಂದ್ರನ ಸುಮಾರು 15 ಪಟ್ಟು ಅಗಲವಾಗಿ. ಹಳ್ಳಿಯಿರುವ ಚಂದ್ರನ ಆಚೆ ಬದಿಯಲ್ಲಿ ಹುಟ್ಟಿದವನು ಅಲ್ಲೇ ಸತ್ತರೆ ಜನ್ಮದಲ್ಲಿ ಒಮ್ಮೆಯೂ ಅದನ್ನು ನೋಡುವುದಿಲ್ಲ. ಈಚೆ ಬದಿಯ ನಟ್ಟನಡುವೆ ಇರುವ ಊರಿಗೆ ಗ್ರಹ ನೆತ್ತಿಯ ಮೇಲೆ. ಅಲ್ಲಿ ನಡುಹಗಲಿಗೆ ಸರಿಯಾಗಿ ಸೂರ್ಯ ಗ್ರಹದ ಹಿಂದೆ ಹೋಗುತ್ತಾನೆ. ಮೂರೂವರೆ ಗಂಟೆ ಕತ್ತಲು, ಪ್ರತಿ ದಿನ. ನಡುರಾತ್ರಿಯಲ್ಲಿ ಅದೇ ಗ್ರಹ ಹುಣ್ಣಿಮೆಯಂತೆ ತುಂಬಿ ಬೆಳಗುತ್ತದೆ. ನಡುಹಗಲು ಕತ್ತಲು, ನಡುರಾತ್ರಿ ಬೆಳಕು! ಇದನ್ನು ನಾನು ಕಲ್ಪಿಸಲಿಲ್ಲ. ಲೆಕ್ಕ ಮಾಡಿದಾಗ ಸಿಕ್ಕಿತು.

ಇನ್ನೂ ಒಂದಿದೆ. ಗ್ಯಾನಿಮೀಡ್‌ಗಿಂತ ಒಳಗೆ ಯುರೋಪಾ, ಅದಕ್ಕಿಂತ ಒಳಗೆ ಅಯೋ ಅನ್ನುವ ಚಂದ್ರಗಳು ಸುತ್ತುತ್ತವೆ. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕುತ್ತವೆ. ಹಾಗಾದರೆ ಅಯೋ ದಿನಕ್ಕೆ ನಾಲ್ಕು ಸಲ ಗ್ರಹದ ಮುಂದೆ ಹಾದುಹೋಗಬೇಕು ಅಂತ ನಾನು ಅಂದುಕೊಂಡಿದ್ದೆ. ಹಾಳೆಯ ಮೇಲೆ ಗೀಚಿ ನೋಡಿದರೆ ಮೂರೇ ಸಲ. ನೋಡುತ್ತಿರುವ ನಾವೂ ಒಂದು ಸುತ್ತು ಮುಂದೆ ಸರಿದಿರುತ್ತೇವಲ್ಲ, ಅದಕ್ಕೆ. ಯುರೋಪಾ ಒಂದೇ ಸಲ. ಅಷ್ಟೇ ಅಲ್ಲ. ಯುರೋಪಾ ಗ್ರಹದ ಮುಂದೆ ಬಂದಾಗೆಲ್ಲ ಅಯೋ ಗ್ರಹದ ಹಿಂದೆ ಅಡಗಿರುತ್ತದೆ. ಮೂರೂ ಒಂದೇ ಬದಿಯಲ್ಲಿ ಒಂದೇ ಸಾಲಿಗೆ ಬರುವುದಿಲ್ಲ. ಅವುಗಳ ಸುತ್ತಿನ ತಾಳ ಹಾಗೆ ಕೂಡಿಕೊಂಡಿದೆ.

ಹಳ್ಳಿಯವರು ಇದಕ್ಕೆ ಏನು ಹೆಸರಿಡುತ್ತಾರೆ? ಒಂದು ಮೂರು ಸಲ ಓಡಾಡುತ್ತದೆ, ಇನ್ನೊಂದು ನಿಧಾನವಾಗಿ ಒಂದು ಸಲ. ಅದು ಮುಂದೆ ಬಂದರೆ ಇದು ಹಿಂದೆ ಅಡಗುತ್ತದೆ. ನನಗಂತೂ ಅತ್ತೆ ಸೊಸೆ ಅಂತಲೇ ಕಂಡಿತು. ಸೊಸೆ ಮೂರು ಸಲ ನೀರಿಗೆ ಹೋಗುವಷ್ಟರಲ್ಲಿ ಅತ್ತೆ ಒಂದು ಸಲ ಬಾಗಿಲಿಗೆ ಬರುತ್ತಾಳೆ. ಪಟ್ಟೆಪಟ್ಟೆಯ ಆ ದೊಡ್ಡ ಗ್ರಹ "ಹಂಡೆ": ಒಲೆಯ ಮೇಲಿಟ್ಟ, ಮಸಿ ಹತ್ತಿದ ತಾಮ್ರದ ಹಂಡೆ.

ಬಹಳ ಜನ ಇಲ್ಲೇ ಎಡವುತ್ತಾರೆ. ಮಹಾನೇತ್ರ, ಆದಿಮಾತೆ ಅಂತೆಲ್ಲ ಹೆಸರಿಡುತ್ತಾರೆ. ದಿನಾ ತಲೆ ಮೇಲೆ ಇರುವುದಕ್ಕೆ ಜನ ಮನೆಯೊಳಗಿನ ಹೆಸರನ್ನೇ ಇಡುತ್ತಾರೆ. ವಾಯುವ್ಯ ಗ್ರೀನ್‌ಲ್ಯಾಂಡಿನ ಇನುಯಿಟ್ ಜನರ ನೆಲದಲ್ಲಿ ಆಕಾಶದಿಂದ ಬಿದ್ದ ದೊಡ್ಡ ಕಬ್ಬಿಣದ ಗುಂಡುಗಳಿದ್ದವು. ಅವರು ಕರೆಯುತ್ತಿದ್ದದ್ದು ಡೇರೆ, ಹೆಂಗಸು, ನಾಯಿ ಅಂತ. ಆ ಗುಂಡುಗಳ ವಿಷಯಕ್ಕೆ ಮತ್ತೆ ಬರುತ್ತೇನೆ.

ಹೆಜ್ಜೆ 2: ಮೈಯಲ್ಲಿ ಒಂದೇ ಒಂದು ಬದಲಾವಣೆ

ನಾಲ್ಕು ಕೈ, ಬಾಲ, ಮೂರು ಲಿಂಗ, ಮನಸ್ಸು ಓದುವ ಶಕ್ತಿ ಎಲ್ಲ ಒಟ್ಟಿಗೆ ಬೇಡ. ಒಂದನ್ನು ಆರಿಸಿ, ಅದು ಎಲ್ಲೆಲ್ಲಿ ಮುಟ್ಟುತ್ತದೆ ಅಂತ ಹುಡುಕುತ್ತಾ ಹೋಗಿ.

ನಾನು ಆರಿಸಿದ್ದು ಪಾದ. ಆನೆಗಳು ನೆಲದ ಅದುರನ್ನು ಪಾದದಿಂದ ಗ್ರಹಿಸುತ್ತವೆ, ದೂರದ ಗುಂಪಿನ ಸುದ್ದಿ ಅವಕ್ಕೆ ಹಾಗೂ ಮುಟ್ಟುತ್ತದೆ. ನನ್ನ ಜನರಿಗೂ ಆ ಶಕ್ತಿ ಇದೆ. ಯಾರೋ ಓಣಿಯ ತುದಿಯಲ್ಲಿ ನಡೆದರೆ ಅಡುಗೆಮನೆಯಲ್ಲಿ ನಿಂತವಳಿಗೆ ಯಾರು ಅಂತ ತಿಳಿಯುತ್ತದೆ.

ಈಗ ಕೇಳುತ್ತಾ ಹೋಗಿ. ಇವರ ಊರಿನಲ್ಲಿ ಗುಟ್ಟು ಹೇಗೆ ಉಳಿಯುತ್ತದೆ? ಮರಳಿನ ಮೇಲೆ ನಡೆದರೆ ಅದುರು ಸಾಗುವುದಿಲ್ಲ. ಹಾಗಾದರೆ ಪ್ರೇಮಿಗಳು ಹೊಳೆದಂಡೆಯಲ್ಲೇ ಸೇರುತ್ತಾರೆ. "ಮರಳು ತುಳಿಯೋನು" ಅಂದರೆ ಕಳ್ಳ, ಇಲ್ಲವೇ ಕಳ್ಳಗಂಡ. ಚಪ್ಪಲಿ ಹಾಕಿಕೊಂಡು ಬಂದವನು ಏನೋ ಮುಚ್ಚಿಡುತ್ತಿದ್ದಾನೆ. ಹೆಣ ಎತ್ತಿದ ಮನೆಯ ಮುಂದೆ ಊರವರೆಲ್ಲ ಹೆಜ್ಜೆ ಹಗುರ ಮಾಡುತ್ತಾರೆ. ಹೋದವನ ನಡಿಗೆಯ ನೆನಪು ಮನೆಯವರ ಪಾದದಲ್ಲಿ ಇನ್ನೂ ಇರುತ್ತದೆ, ಅದನ್ನು ಅಳಿಸಬಾರದು.

ಪಾದ ಮತ್ತು ನಡುಹಗಲ ಕತ್ತಲೆ ಎರಡನ್ನೂ ಕೂಡಿಸಿದಾಗ ನನ್ನ ಹಳ್ಳಿಯ ಪಂಚಾಯ್ತಿ ಹುಟ್ಟಿತು. ಜಗಳ ತೀರ್ಮಾನಿಸುವುದು ಕತ್ತಲೆಯ ಆ ಮೂರೂವರೆ ಗಂಟೆಯಲ್ಲೇ. ಮುಖ ಕಂಡರೆ ನ್ಯಾಯ ವಾಲುತ್ತದೆ ಅಂತ ನಂಬಿಕೆ. ಆದರೆ ಪಾದದಿಂದ ಯಾರು ಅಂತ ಗೊತ್ತಾಗುತ್ತದಲ್ಲ? ಅದಕ್ಕೆ ನೆಲದ ತುಂಬ ದಪ್ಪಗೆ ಹುಲ್ಲು ಹಾಸುತ್ತಾರೆ. ಎಲ್ಲರೂ ಹುಲ್ಲಿನ ಮೇಲೆ ಕೂತು, ದನಿ ಬದಲಿಸಿ ಮಾತಾಡುತ್ತಾರೆ. ಇದರಿಂದಲೇ ಒಂದು ಮಾತು ಬಂತು. ಗಂಡ ಹೆಂಡತಿ ಜಗಳ ಮಿತಿ ಮೀರಿದರೆ "ಹುಲ್ಲು ಹಾಸಿಸ್ಲಾ?" ಅಂತ ಬೆದರಿಸುತ್ತಾರೆ.

ಒಂದು ಪದ್ಧತಿಗೆ ಎರಡು ಕಾರಣ ಸೇರಿದರೆ ಗಟ್ಟಿ ನಿಲ್ಲುತ್ತದೆ ಅನ್ನುವುದು ನನ್ನ ಅನುಭವ. ಒಂದೇ ಕಾರಣದ ಪದ್ಧತಿ ಲೇಖಕನ ಕೈಚಳಕದಂತೆ ಕಾಣುತ್ತದೆ.

ಹೆಜ್ಜೆ 3: ಕಣಕ್ಕೆ ಹೋಗಿ, ಯಾರಿಗೆ ಎಷ್ಟು ಅಂತ ಲೆಕ್ಕ ಹಾಕಿ

ಈ ಹೆಜ್ಜೆಗೆ ಜಾಸ್ತಿ ಹೊತ್ತು ಕೊಡಿ. ಹಳ್ಳಿಯೆಂದರೆ ಬೆಳೆದದ್ದನ್ನು ಹಂಚಿಕೊಳ್ಳುವ ಒಂದು ಒಪ್ಪಂದ. ಅದು ತಿಳಿದರೆ ಊರಿನ ಅರ್ಧ ಕಥೆ ತಿಳಿದ ಹಾಗೆ.

ನಮ್ಮ ಹಳೆಯ ಆಯದ ಪದ್ಧತಿ ನೋಡಿ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ಹೀಗೆ ಊರಿಗೆ ಹನ್ನೆರಡು ಆಯಗಾರರು ಅಂತ ಹೇಳುತ್ತಿದ್ದರು. ಇವರಿಗೆ ದಿನಗೂಲಿ ಇಲ್ಲ. ಸುಗ್ಗಿಯಲ್ಲಿ ಕಣದಲ್ಲೇ ಕಾಳಿನ ಪಾಲು. ಅವರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದವನು ನೀರಗಂಟಿ. ಕೆರೆಯ ತೂಬು ತೆಗೆದು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವವನು. ಬರಗಾಲದಲ್ಲಿ ಅವನ ಕೈಯಲ್ಲಿ ಇಡೀ ಊರು. ಬಾಲಿ ದ್ವೀಪದಲ್ಲಿ ಇದೇ ಕೆಲಸಕ್ಕೆ ಸುಬಾಕ್ ಅನ್ನುವ ರೈತರ ಕೂಟಗಳಿವೆ. ಯಾರ ಗದ್ದೆಗೆ ಯಾವಾಗ ನೀರು ಅನ್ನುವುದು ಅಲ್ಲಿ ನೀರಿನ ಗುಡಿಗಳ ಜೊತೆ ಕೂಡಿಕೊಂಡಿದೆ. 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡೂ ಕಡೆ ನೀರೇ ಪ್ರಶ್ನೆ, ಉತ್ತರ ಮಾತ್ರ ಬೇರೆ. ನಿಮ್ಮ ಲೋಕಕ್ಕೆ ಮೂರನೆಯ ಉತ್ತರ ಹುಡುಕಿ.

ಆಯದ ಸೊಗಸು ಹೇಳುವಾಗ ಒಂದನ್ನು ಮರೆಯಬಾರದು. ಅದರೊಳಗೆ ಜಾತಿಯ ಕಟ್ಟು ಇತ್ತು. ಯಾರಿಗೆ ಮೊದಲು ಅಳೆಯುತ್ತಾರೆ, ಯಾರು ದೂರ ನಿಂತು ಕಾಯಬೇಕು ಅನ್ನುವುದೂ ಅದೇ ಕಣದಲ್ಲಿ ತೀರ್ಮಾನವಾಗುತ್ತಿತ್ತು. ನಿಮ್ಮ ಹಳ್ಳಿಯಲ್ಲೂ ಕೊನೆಗೆ ಕಾಳು ಸಿಗುವವರು ಯಾರು? ಅವರ ಮನೆಯ ಬಾಗಿಲಲ್ಲಿ ನಿಂತು ಒಂದು ಪುಟ ಬರೆಯಿರಿ. ನನ್ನ ಹಳ್ಳಿಯಲ್ಲಿ ಅವರು ಹುಲ್ಲು ಹಾಸುವವರು. ಪಂಚಾಯ್ತಿಗೆ ಹುಲ್ಲು ಹಾಸುತ್ತಾರೆ, ಆದರೆ ಅದರ ಮೇಲೆ ಕೂರುವ ಹಾಗಿಲ್ಲ.

ಅಳತೆಗಳಿಗೂ ತಲೆಕೆಡಿಸಿಕೊಳ್ಳಿ. ನಮ್ಮಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. "ಅವನಿಗೆ ಎರಡು ಖಂಡುಗ ಗದ್ದೆ ಇದೆ" ಅಂದರೆ ಅಷ್ಟು ಬೀಜ ಹಿಡಿಯುವ ನೆಲ. ಜಾಗವನ್ನು ಬೀಜದಿಂದ ಅಳೆಯುವ ಜನರ ತಲೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಈ ಒಂದು ಪದದಲ್ಲೇ ಇದೆ. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ "ಒಂದು" ಅನ್ನದೆ "ಲಾಭ" ಅನ್ನುವುದು ಹಲವು ಕಡೆ ರೂಢಿ. ಲಾಭ, ಎರಡು, ಮೂರು... ಎಣಿಕೆಯಲ್ಲೇ ಒಂದು ಹಾರೈಕೆ. ನಿಮ್ಮ ಲೋಕದ ಜನ ಎಣಿಸುವಾಗ ಯಾವ ಸಂಖ್ಯೆಯನ್ನು ಬಾಯಲ್ಲಿ ಹೇಳುವುದಿಲ್ಲ? ಏಕೆ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಒಂದು ಪುಟದ ವಿವರಣೆ ಉಳಿಯುತ್ತದೆ.

ಹೆಜ್ಜೆ 4: ಯಂತ್ರ ಎಲ್ಲಿದೆ?

ಸೈನ್ಸ್ ಫ್ಯಾಂಟಸಿಯ ಹಳ್ಳಿಯಲ್ಲಿ ಎಲ್ಲೋ ಒಂದು ಕಡೆ ಯಂತ್ರ ಇದ್ದೇ ಇರುತ್ತದೆ. ಎಂದೋ ಬಿದ್ದ ನೌಕೆ, ಹಳೆಯ ಗೋಪುರ, ಅರ್ಥವಾಗದ ಪೆಟ್ಟಿಗೆ. ಹಳ್ಳಿಯವರು ಅದನ್ನು ದೇವರು ಅಂತ ಪೂಜಿಸುತ್ತಾರೆ ಅನ್ನುವುದು ಸವೆದುಹೋದ ದಾರಿ. ನಾವು ಆಯುಧಪೂಜೆಯ ದಿನ ಲಾರಿಗೂ ಲೇತ್ ಮಷೀನಿಗೂ ಕುಂಕುಮ ಹಚ್ಚಿ ಹೂ ಏರಿಸುತ್ತೇವೆ. ಹಾಗಂತ ಲಾರಿ ಹೇಗೆ ಓಡುತ್ತದೆ ಅಂತ ನಮಗೆ ತಿಳಿಯದೇ? ಪೂಜೆಯೂ ರಿಪೇರಿಯೂ ಒಂದೇ ಕೈಯಲ್ಲಿ ನಡೆಯುತ್ತವೆ. ನಿಮ್ಮ ಹಳ್ಳಿಯ ಕಮ್ಮಾರನಿಗೂ ಆ ಮರ್ಯಾದೆ ಕೊಡಿ.

ಈಗ ಆ ಗ್ರೀನ್‌ಲ್ಯಾಂಡಿನ ಕಬ್ಬಿಣಕ್ಕೆ ಬರೋಣ. ಅಲ್ಲಿನ ಜನರಿಗೆ ಅದಿರು ಕರಗಿಸಿ ಕಬ್ಬಿಣ ಮಾಡುವುದು ಗೊತ್ತಿರಲಿಲ್ಲ. ಆದರೆ ಆಕಾಶದಿಂದ ಬಿದ್ದ ಗುಂಡಿನಿಂದ ಗಟ್ಟಿ ಕಲ್ಲಿನಲ್ಲಿ ಬಡಿದು ಬಡಿದು ಚೂರು ತೆಗೆದು, ಕಾಯಿಸದೆಯೇ ತಟ್ಟಿ, ಚೂರಿಯ ಅಲಗು ಮಾಡುತ್ತಿದ್ದರು. ನೂರಾರು ವರ್ಷ ಹೀಗೆ ನಡೆಯಿತು. ಕೊನೆಗೆ ಅಮೆರಿಕದ ಅನ್ವೇಷಕ ರಾಬರ್ಟ್ ಪಿಯರಿ ಬಂದ. ಸುಮಾರು 31 ಟನ್ ತೂಕದ ದೊಡ್ಡ ಗುಂಡನ್ನು 1897ರಲ್ಲಿ ಹಡಗಿಗೆ ಹೇರಿಕೊಂಡು ಹೋದ. ಅದು ಇವತ್ತಿಗೂ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆ.

ಇದರಲ್ಲಿ ಒಂದು ಇಡೀ ಕಾದಂಬರಿಯ ಎಲುಬು ಇಲ್ಲವೇ? ನಕ್ಷತ್ರದ ಲೋಹವನ್ನು ಮೀನು ಕೊಯ್ಯುವ ಚೂರಿ ಮಾಡಿಕೊಂಡ ಜನ ಒಂದು ಕಡೆ. ಅದನ್ನು ಅಪರೂಪದ ವಸ್ತು ಅಂತ ಎತ್ತಿಕೊಂಡು ಹೋಗುವವನು ಇನ್ನೊಂದು ಕಡೆ. ನನ್ನ ಹಳ್ಳಿಯಲ್ಲಿ ಬಿದ್ದ ನೌಕೆಯ ಹೊದಿಕೆ ತಗಡನ್ನು ಜನ ನೀರಿನ ತೂಬಿಗೆ ಹಾಕಿಕೊಂಡಿದ್ದಾರೆ. ತುಕ್ಕು ಹಿಡಿಯದ ತಗಡು, ತೂಬಿಗೆ ಇನ್ನೇನು ಬೇಕು? ಅದನ್ನು ಹುಡುಕಿಕೊಂಡು ನಗರದವರು ಬಂದಾಗ ನೀರಗಂಟಿ ಕೇಳುವುದು ಒಂದೇ ಮಾತು: "ತಗೊಂಡು ಹೋಗಿ. ಆದ್ರೆ ನಾಟಿ ಮುಗೀಲಿ."

ಹೆಜ್ಜೆ 5: ಮಾಯೆಯನ್ನು ಒಂದು ಕಸುಬಿಗೆ ಕಟ್ಟಿಹಾಕಿ

ಹಳ್ಳಿಯಲ್ಲಿ ಮಾಯೆ ಇದ್ದರೆ ಅದು ಯಾರದೋ ಹೊಟ್ಟೆಪಾಡಾಗಿರಬೇಕು. ಅದಕ್ಕೊಂದು ಬೆಲೆ ಇರಬೇಕು, ಅದು ಕೆಡುವ ರೀತಿಯೂ ಇರಬೇಕು.

ನನ್ನದು ಮಡಕೆಯ ಮಾಯೆ. ಒಂದು ಬಗೆಯ ಜೇಡಿಮಣ್ಣಿನ ಮಡಕೆಗೆ ನೀರು ತುಂಬಿ ಅದರೊಳಗೆ ಮಾತಾಡಿದರೆ ಮಾತು ನೀರಿನಲ್ಲಿ ಉಳಿಯುತ್ತದೆ. ಕುಡಿದವರ ತಲೆಗೆ ಹೋಗುತ್ತದೆ. ಆದರೆ ಹೇಳಿದವರಿಗೆ ಆ ಮಾತು ಮರೆತುಹೋಗುತ್ತದೆ. ಇಷ್ಟೇ ನಿಯಮ.

ಇದನ್ನು ಹಳ್ಳಿಯವರು ಯಾವುದಕ್ಕೆ ಬಳಸುತ್ತಾರೆ? ಯುದ್ಧಕ್ಕಲ್ಲ, ಸಾಲಕ್ಕೆ! ದಕ್ಷಿಣ ಅಮೆರಿಕದ ಇಂಕಾ ಜನ ಗಂಟು ಹಾಕಿದ ದಾರಗಳಲ್ಲಿ ಲೆಕ್ಕ ಇಡುತ್ತಿದ್ದರು, ಅದಕ್ಕೆ ಕೀಪು ಅನ್ನುತ್ತಾರೆ. ಬರವಣಿಗೆ ಇಲ್ಲದಿದ್ದರೂ ಲೆಕ್ಕ ಇತ್ತು. ನನ್ನ ಹಳ್ಳಿಯಲ್ಲಿ ಕುಂಬಾರನ ಅಟ್ಟವೇ ಲೆಕ್ಕದ ಪುಸ್ತಕ. ಕೊಟ್ಟವನೂ ಪಡೆದವನೂ ಮಡಕೆಗೆ ಹೇಳಿ ಮರೆಯುತ್ತಾರೆ. ಸಾಲವಿದೆ ಅಂತ ಗೋಡೆಯ ಮೇಲೆ ಒಂದು ಗೀಟು ಮಾತ್ರ ಇರುತ್ತದೆ. ಎಷ್ಟು ಅಂತ ಇಬ್ಬರಿಗೂ ಗೊತ್ತಿಲ್ಲ. ಹಾಗಾಗಿ ಬೀದಿಯಲ್ಲಿ ನಿಲ್ಲಿಸಿ ಸಾಲ ಕೇಳುವವರಿಲ್ಲ, ತಲೆ ತಗ್ಗಿಸುವವರೂ ಇಲ್ಲ. ಸುಗ್ಗಿಯಲ್ಲಿ ಕುಂಬಾರ ಒಂದು ಗುಟುಕು ಕುಡಿದು ಲೆಕ್ಕ ಹೇಳುತ್ತಾನೆ.

ಮಡಕೆ ಒಡೆದರೆ? ಸಾಲವೂ ಹೋಯಿತು. ಕುಂಬಾರ ಸುಳ್ಳು ಹೇಳಿದರೆ? ಬೇಸಗೆಯಲ್ಲಿ ನೀರು ಆರಿಹೋದರೆ? ಮಗ ಸತ್ತ ದುಃಖ ತಡೆಯಲಾರದೆ ಒಬ್ಬ ತಾಯಿ ಅವನ ಹೆಸರನ್ನೇ ಮಡಕೆಗೆ ಹೇಳಿಬಿಟ್ಟರೆ? ಒಂದು ನಿಯಮದಿಂದ ಇಷ್ಟು ಪ್ರಶ್ನೆ ಬಂದವು. ಬರಲಿಲ್ಲ ಅಂದರೆ ಆ ಮಾಯೆಯನ್ನು ಬಿಸಾಕಿ, ಬೇರೆ ಹುಡುಕಿ.

ಹೆಜ್ಜೆ 6: ನಂಟು

ಕನ್ನಡದಲ್ಲಿ "ಅತ್ತೆ" ಅಂದರೆ ಅಪ್ಪನ ಅಕ್ಕತಂಗಿ. ಗಂಡನ ತಾಯಿಯೂ ಅತ್ತೆಯೇ. ಅಮ್ಮನ ಅಣ್ಣತಮ್ಮಂದಿರು ಮಾವ, ಹೆಂಡತಿಯ ಅಪ್ಪನೂ ಮಾವ. ಏಕೆಂದರೆ ಸೋದರಸಂಬಂಧದಲ್ಲಿ ಮದುವೆ ಮಾಡಿಕೊಂಡರೆ ಆ ಇಬ್ಬರೂ ಒಬ್ಬರೇ. ಮದುವೆಯ ನಿಯಮ ಕರೆಯುವ ಪದದೊಳಗೇ ಕೂತಿದೆ. ನಿಮ್ಮ ಲೋಕದಲ್ಲೂ ಹೀಗೇ ಮಾಡಿ. ಮದುವೆಯ ಪದ್ಧತಿ ವಿವರಿಸುವ ಬದಲು ಯಾರು ಯಾರನ್ನು ಏನಂತ ಕರೆಯುತ್ತಾರೆ ಅಂತ ಹತ್ತು ಪದದ ಪಟ್ಟಿ ಮಾಡಿಕೊಳ್ಳಿ. ಸಾಕು.

ನನ್ನ ಹಳ್ಳಿಗೆ ಒಮ್ಮೊಮ್ಮೆ ಆಚೆ ಬದಿಯಿಂದ ಸೊಸೆ ಬರುತ್ತಾಳೆ. ನೂರಾರು ನಿದ್ದೆಗಳ ದಾರಿ. ಅವಳು ಹಂಡೆಯನ್ನು ಕಂಡೇ ಇಲ್ಲ. ನಡೆಯುತ್ತಾ ಬಂದ ಹಾಗೆ ಅದು ದಿಗಂತದಿಂದ ಚೂರು ಚೂರೇ ಮೇಲೆದ್ದು, ನೆತ್ತಿಗೆ ಬಂದು ನಿಲ್ಲುತ್ತದೆ. ಊರಿನ ಬಾಗಿಲಲ್ಲಿ ಅತ್ತೆ ಒಂದು ಬಟ್ಟಲು ನೀರು ಹಿಡಿದಿರುತ್ತಾಳೆ. ಸೊಸೆ ನೆತ್ತಿ ಮೇಲಿನ ಹಂಡೆಯನ್ನು ಮೊದಲು ನೀರಿನಲ್ಲಿ ನೋಡಬೇಕು, ಆಮೇಲೆ ತಲೆಯೆತ್ತಬೇಕು. ಮೊದಲ ಕೆಲವು ಇರುಳು ಅವಳಿಗೆ ಒಳಕೋಣೆಯಲ್ಲೇ ಹಾಸಿಗೆ. ಶಾಸ್ತ್ರ ಅಂತ ಹೇಳುತ್ತಾರೆ. ಕಾರಣ ಸರಳ: ನಡುರಾತ್ರಿಯ ಆ ಬೆಳಕಿನಲ್ಲಿ ಪಾಪ, ಹುಡುಗಿಗೆ ನಿದ್ದೆ ಬರುವುದಿಲ್ಲ.

ಹೆಜ್ಜೆ 7: ಮಾತು, ಹೆಸರು, ಬೈಗುಳ

ಹೆಸರಿನ ನಡುವೆ ಗೆರೆ, ಚುಕ್ಕೆ, ಉಚ್ಚರಿಸಲಾಗದ ಒತ್ತಕ್ಷರ ತುಂಬಿದರೆ ಅನ್ಯಲೋಕ ಆಗುವುದಿಲ್ಲ. ಓದುವವರ ನಾಲಿಗೆ ತೊಡರುತ್ತದೆ, ಅಷ್ಟೇ. ಊರಿನ ಹೆಸರುಗಳಿಗೆ ಒಂದು ನಿಯಮ ಮಾಡಿಕೊಳ್ಳಿ. ನಮ್ಮಲ್ಲಿ ಕೆರೆ, ಕಟ್ಟೆ, ಹಳ್ಳಿ, ಪಾಳ್ಯ ಅಂತ ಕೊನೆಯಾಗುವ ಊರುಗಳಿವೆ. ಬೆಂಗಳೂರಿನ ಸುತ್ತ "ಸಂದ್ರ" ಅಂತ ಕೊನೆಯಾಗುವ ಊರುಗಳಲ್ಲಿ ಆ ಸಂದ್ರ ಬಂದದ್ದು ಸಮುದ್ರದಿಂದ, ಅಂದರೆ ದೊಡ್ಡ ಕೆರೆ. ಊರಿನ ಹೆಸರು ನೋಡಿದರೆ ಆ ಜನ ಯಾವುದನ್ನು ನಂಬಿ ಬದುಕಿದರು ಅಂತ ತಿಳಿಯುತ್ತದೆ. ನನ್ನ ಲೋಕದ ಊರುಗಳು "ನೆರಳು" ಅಂತ ಮುಗಿಯುತ್ತವೆ. ಕಲ್ನೆರಳು, ಹುಲ್ನೆರಳು, ಹಿರಿನೆರಳು.

ಆಡಬಾರದ ಮಾತುಗಳು ಇನ್ನೂ ಒಳ್ಳೆಯ ಗಣಿ. ನಮ್ಮಲ್ಲಿ ರಾತ್ರಿ ಹೊತ್ತು ಹಾವು ಅನ್ನುವುದಿಲ್ಲ, ಹುಳ ಅನ್ನುತ್ತಾರೆ. ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುವ ಮನೆಗಳಿವೆ. ಹೊರಡುವಾಗ "ಹೋಗ್ತೀನಿ" ಅಂದರೆ ಅಜ್ಜಿ ಗದರುತ್ತಾಳೆ, "ಹೋಗಿ ಬರ್ತೀನಿ" ಅನ್ನಬೇಕು. ಭಯ ಎಲ್ಲಿದೆಯೋ ಅಲ್ಲಿ ಮಾತು ಸುತ್ತುಬಳಸಿ ನಡೆಯುತ್ತದೆ. ನನ್ನ ಹಳ್ಳಿಯಲ್ಲಿ ನಡುಹಗಲು ಸೂರ್ಯ ಮರೆಯಾದಾಗ "ಕತ್ತಲಾಯ್ತು" ಅನ್ನುವಂತಿಲ್ಲ. "ಹಂಡೆ ಕಾಯ್ತು" ಅನ್ನುತ್ತಾರೆ. ಎಂದೂ ಆಗದ ಕೆಲಸಕ್ಕೆ "ಅತ್ತೆ ಸೊಸೆ ಜೊತೆಗೆ ನೀರಿಗೆ ಹೋದಾಗ" ಅನ್ನುತ್ತಾರೆ. ಒಂದನೇ ಹೆಜ್ಜೆಯ ಕಕ್ಷೆಯ ಲೆಕ್ಕ ನೆನಪಿದೆಯಲ್ಲ?

ಬೈಗುಳ ಮರೆಯಬೇಡಿ. ಬೈಯಲು ಬಾರದ ಹಳ್ಳಿಯನ್ನು ಯಾರೂ ನಂಬುವುದಿಲ್ಲ.

ಹೆಜ್ಜೆ 8: ಊರೊಳಗೇ ಜಗಳ ಹಚ್ಚಿ

ಇಷ್ಟೆಲ್ಲ ಆದ ಮೇಲೂ ಊರು ಬೊಂಬೆಮನೆ ಥರ ಕಾಣಬಹುದು. ಎಲ್ಲರೂ ಎಲ್ಲ ಪದ್ಧತಿಯನ್ನೂ ಒಪ್ಪಿಕೊಂಡಿದ್ದಾರೆ ಅನ್ನಿಸಿದರೆ ಅದೇ ಗುರುತು. ನೀವು ಕಟ್ಟಿದ ಪದ್ಧತಿಗಳಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದನ್ನು ತೆಗೆದುಕೊಳ್ಳಿ. ಅದನ್ನು ಕಂಡರಾಗದ ಒಬ್ಬಳನ್ನು ಅದೇ ಊರಿನಲ್ಲಿ ಹುಟ್ಟಿಸಿ. ಅವಳ ಕಾರಣ ಗಟ್ಟಿಯಾಗಿರಲಿ.

ಹುಲ್ಲು ಹಾಸುವವರ ಮಗಳು ಒಬ್ಬಳು ನನ್ನ ಕಥೆಗೆ ಬಂದದ್ದು ಹೀಗೆ. ಹುಟ್ಟಿದಾಗಿನಿಂದ ಹುಲ್ಲು ಹೊತ್ತಿದ್ದಾಳೆ, ಒಮ್ಮೆಯೂ ಮಾತಾಡಿಲ್ಲ. ಕತ್ತಲೆಯಲ್ಲಿ ಯಾರೆಂದು ತಿಳಿಯದ ಜಾಗದಲ್ಲಿ ಅವಳು ಸುಮ್ಮನೆ ಬಂದು ಕೂತರೆ? ದನಿ ಬದಲಿಸಿ ಮಾತಾಡಿದರೆ? ಪದ್ಧತಿಯ ನಿಯಮದ ಪ್ರಕಾರ ಯಾರೂ ಅವಳನ್ನು ಗುರುತಿಸಬಾರದು. ಗುರುತಿಸಿ ಎಬ್ಬಿಸಿದರೆ ಪದ್ಧತಿ ಸುಳ್ಳು. ಬಿಟ್ಟರೆ ಊರಿನ ಮೇಲುಕೀಳು ಸುಳ್ಳು. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಮೂರನೇ ಹೆಜ್ಜೆಯಲ್ಲಿ ಬರೆದ ಒಂದು ಸಾಲು ಇಲ್ಲಿ ಬಂದು ಎದುರು ನಿಂತಿತು.

ಹೆಜ್ಜೆ 9: ಈಗ ಹಬ್ಬ, ಆಮೇಲೆ ಕತ್ತರಿ

ಹಬ್ಬಕ್ಕೆ ಈಗ ಕೈ ಹಾಕಬಹುದು. ಕುಂಬಾರ ಲೆಕ್ಕದ ನೀರು ಕುಡಿಯುವ ದಿನವೇ ನನ್ನ ಹಳ್ಳಿಯ ದೊಡ್ಡ ಹಬ್ಬ. ಖಾಲಿಯಾದ ಮಡಕೆಗಳನ್ನು ಮಕ್ಕಳು ಬೀದಿಯಲ್ಲಿ ಒಡೆಯುತ್ತಾರೆ. ಆ ದಿನ ಊರಿನ ಪಾದಗಳಿಗೆಲ್ಲ ಕಚಗುಳಿ. ಬೀದಿ ಗುಡಿಸುವವರು ಯಾರು ಅಂತಲೂ ಈಗ ನನಗೆ ಗೊತ್ತು.

ಬರೆಯುವಾಗ ಕಟ್ಟಿದ್ದನ್ನೆಲ್ಲ ಹೇಳಬೇಡಿ. ನನ್ನ ಟಿಪ್ಪಣಿ ನಲವತ್ತು ಪುಟ ಇತ್ತು, ಕಥೆಗೆ ಬಂದದ್ದು ಆರೇಳು ಪುಟದಷ್ಟು. ಹೊರಗಿನವನೊಬ್ಬ ಬಂದು "ಇದೇಕೆ ಹೀಗೆ?" ಅಂತ ಕೇಳುವುದು, ಊರವರು ಪಾಠ ಒಪ್ಪಿಸುವುದು, ಇದು ಅತಿ ಸುಲಭದ ದಾರಿ. ಒಂದು ಸಲ ಬಳಸಿದರೆ ಸಾಕು. ಊರವರು ತಮ್ಮ ಪದ್ಧತಿಗೆ ಕಾರಣ ಹೇಳುವುದೂ ಅಪರೂಪ. "ಮೊದಲಿಂದ್ಲೂ ಹೀಗೇ" ಅನ್ನುತ್ತಾರೆ. ಕಾರಣ ನಿಮಗೆ ಗೊತ್ತಿದ್ದರೆ ಅಷ್ಟೇ ಸಾಕು, ವಾಕ್ಯದೊಳಗೆ ಅದು ತಾನಾಗಿ ಇಳಿಯುತ್ತದೆ. ಹೀಗೆ:

"ಹಂಡೆ ಕಾದು ಒಂದು ಗಳಿಗೆಯಾಗಿತ್ತು. ಗಾಳಿ ತಣ್ಣಗಾಯಿತು. ಅವಳು ಕೊನೆಯ ಹೊರೆ ಹುಲ್ಲು ಇಳಿಸಿ, ಎಂದಿನಂತೆ ಹಿಂದೆ ಸರಿಯಲಿಲ್ಲ. ಚಪ್ಪಲಿ ಬಿಟ್ಟಳು. ಹುಲ್ಲು ಅಂಗಾಲಿಗೆ ಮೆತ್ತಗಿತ್ತು. ಊರು ಇದ್ದಕ್ಕಿದ್ದಂತೆ ಮೂಕವಾದ ಹಾಗೆ ಅನ್ನಿಸಿತು."

ಹಂಡೆ ಎಂದರೇನು, ಊರು ಮೂಕವಾದದ್ದು ಹೇಗೆ, ಯಾವುದನ್ನೂ ಇಲ್ಲಿ ವಿವರಿಸಿಲ್ಲ. ಎರಡು ಪುಟ ಮುಂದೆ ಹೋದರೆ ಓದುವವರಿಗೆ ತಾನಾಗಿ ತಿಳಿಯುತ್ತದೆ.

ಮುಗಿದ ಮೇಲೆ ಊರಿನಲ್ಲಿ ಬೆಳೆದ ಯಾರಿಗಾದರೂ ಓದಲು ಕೊಡಿ. ಸೈನ್ಸ್ ಫ್ಯಾಂಟಸಿ ಓದಿದವರೇ ಆಗಬೇಕಿಲ್ಲ. ನಾನು ಅದೇ ಹಳೆಯ ಗೆಳೆಯನಿಗೆ ಕೊಟ್ಟೆ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಅಂತ ಈ ಸಲ ಅವನು ಕೇಳಲಿಲ್ಲ. "ಮಳೆ ಬಂದು ಹುಲ್ಲು ನೆನೆದರೆ ಅದುರು ಗೊತ್ತಾಗಲ್ವಾ?" ಅಂದ. ಹೌದಲ್ಲ! ಒದ್ದೆ ಹುಲ್ಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ಆಗ ಕತ್ತಲೆಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಎಲ್ಲರಿಗೂ ತಿಳಿಯುತ್ತದೆ. ಎರಡನೇ ಅಧ್ಯಾಯಕ್ಕೆ ಮಳೆ ತಂದೆ.